ಗಂಗಮ್ಮನಿಗೆ ಅಡ್ಡವಾದ ಕಂಬಳಿ

ಉರಿಗಾಂ
12 ಜನವರಿ 2025

ಶ್ರೀಮದ್ ರಾಧಕ್ಕನವರ ದಿವ್ಯ ಸನ್ನಿಧಾನಕ್ಕೆ,

ಆಪರೇಷನ್ ಥಿಯೇಟರಿನ ನಡುಕ ನಿವಾರಣಾಧಿಕಾರಿಯೂ ನಿನ್ನ ತಮ್ಮನೂ ಆದ ಚಿರಂಜೀವಿಯ ಸಾಷ್ಟಾಂಗ ನಮಸ್ಕಾರ. ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕಿವಿಗೊಟ್ಟು ಕೂರುತ್ತಾಳೆ. ಅದಕ್ಕೇ ಈ ಕಾಗದ.

ಅಜ್ಜಿಯ ಮುರಿದ ತೊಡೆಮೂಳೆಗೆ ರಾಡು ಹಾಕಿದ್ದಾಯಿತು. ಕ್ಷೇಮ. "ಸತ್ರೂ ಕತ್ತರಿ ಆಕಿಸ್ಕಳಲ್ಲ" ಎನ್ನುತ್ತಿದ್ದವಳು ಹೇಗೆ ಒಪ್ಪಿದಳು ಗೊತ್ತೇ? ಪಕ್ಕದ ಹಾಸಿಗೆಯ ಅಕ್ಕಯ್ಯಮ್ಮ, "ಬೆನ್ನಿಗೆ ಸೂಜಿ ಆಕಿದ್ಮೇಲೆ ಮೈ ಗಡಗಡ ನಡುಗ್ತದೆ ಕಣಮ್ಮೋ, ಆದ್ರೆ ಗ್ಯಾನ ಇರ್ತದೆ" ಎಂದಳಂತೆ. ಅಷ್ಟೇ ಸಾಕಾಯಿತು. ಅಜ್ಜಿಯ ಮೈಮೇಲೆ ಗಂಗಮ್ಮ ಬಂದು ಕ್ಯಾಸಂಬಳ್ಳಿಯವರಿಗೆಲ್ಲ ಉತ್ತರ ಹೇಳಿದ್ದಾಳೆ. ಆದರೆ ತಾಯಿ ಬಂದು ಮೈ ನಡುಗುವಾಗ ಅಜ್ಜಿಗೆ ಎಚ್ಚರವಿರುವುದಿಲ್ಲ. ಹಾಗಾಗಿ ತನ್ನದೊಂದು ಪ್ರಶ್ನೆ ಕೇಳಲು ಇಷ್ಟು ವರ್ಷವೂ ಆಗಿಲ್ಲ. ಅವಳ ಒಬ್ಬನೇ ಮಗ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋಗಿ ಮರಳದ ನಮ್ಮಪ್ಪ ಕಾಂತರಾಜ, ಬದುಕಿದ್ದಾನೋ ಇಲ್ಲವೋ? ಈ ಸಲ ಎಚ್ಚರವಿದ್ದೇ ನಡುಗುವಾಗ ತಾಯಿಯನ್ನು ಕೇಳಿಯೇ ಬಿಡುವುದು ಅವಳ ಲೆಕ್ಕ.

ನನ್ನ ಕೆಲಸವೋ, ಆ ನಡುಕವೇ ಬರದಂತೆ ನೋಡಿಕೊಳ್ಳುವುದು. ಅಜ್ಜಿಯ ಗುಂಡಿಗೆ ಸೋತಿದೆ, ನಡುಕವನ್ನು ತಾಳುವುದಿಲ್ಲ. ಎಸಿ ಆರಿಸಿದೆ. ಸಲೈನ್ ಬೆಚ್ಚಗೆ ಮಾಡಿದೆ. ಬಿಸಿ ಕಂಬಳಿ ಹೊದಿಸಿದೆ.

"ತೆಗೀಲಾ ಕಂಬ್ಳೀನ, ತಾಯಿ ಬರೋ ದಾರಿಗೆ ಅಡ್ಡ!"

"ಭಕ್ತೆಯೇ, ಇದು ತಾಯಿಯೇ ಕಳಿಸಿದ ಕಂಬಳಿ" ಎಂದೆ, ಪೂಜಾರಿಯ ಗಾಂಭೀರ್ಯದಿಂದ.

"ನಿನ್ ಬಾಯಿಗೆ ಮಣ್ಣಾಕ" ಎಂದು ಕೊಡವಿ ಎಸೆದಳು.

ಸೊಂಟದ ಕೆಳಗೆ ಕಲ್ಲಿನಂತೆ ಮಲಗಿದ್ದಳು. ಮೇಲೆ ಭುಜ, ದವಡೆ ನಡುಗತೊಡಗಿದವು. ಕಣ್ಣು ಮಾತ್ರ ನಿಚ್ಚಳವಾಗಿತ್ತು. "ತಾಯೀ, ನನ್ ಕಾಂತರಾಜ..." ಎಂದಳು. ಮಾನಿಟರ್ ಕೂಗಿಕೊಂಡಿತು. ಅರಿವಳಿಕೆಯ ಡಾಕ್ಟರ್ ಸುಮಲತ, "ಚಿರು, ಮೊದ್ಲು ಹೊದಿಸು" ಎನ್ನುತ್ತಲೇ ನಡುಕ ನಿಲ್ಲಿಸುವ ಔಷಧಿ ಏರಿಸಿದರು. ನಾನು ಹೊದಿಸಿ ಅಂಚುಗಳನ್ನು ಒತ್ತಿ ಹಿಡಿದೆ.

"ಬ್ಯಾಡ ಕಣ್ಲಾ... ಒಂದ್ ಗಳಿಗೆ..."

ಬಿಡಲಿಲ್ಲ ಅಕ್ಕ. ನಡುಕ ನಿಂತಿತು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದಳು. ನನ್ನ ಜೊತೆ ಇನ್ನೂ ಮಾತಿಲ್ಲ.

ಭಾವನಿಗೆ ನಮಸ್ಕಾರ. ಪುಟ್ಟ ಕಲಾಗೆ ಸೋದರಮಾವನ ಆಶೀರ್ವಾದ. ಗಂಗಮ್ಮ ನಿಮ್ಮನ್ನೆಲ್ಲ ಕಾಯಲಿ. ನನ್ನ ಮೇಲಿನ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಳ್ಳದಿರಲಿ.

ನಿನ್ನ
ಚಿರು

ತಾ.ಕ.: ಥಿಯೇಟರಿನಿಂದ ಹೊರಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಹೋದಮೇಲೂ ಒಂದು ದಿನವೂ ಬಿಡದೆ ಇಟ್ಟುಕೊಂಡ ಹಣೆಯ ಕುಂಕುಮ ಬೆವರಿಗೆ ಕದಡಿತ್ತು. "ತಾಯಿ ಏನಂದ್ಲು?" ಎಂದು ಕೇಳಿದಳು. "ಏನೂ ಅನ್ಲಿಲ್ಲಮ್ಮ. ಅಷ್ಟ್ರಲ್ಲಿ ನಾನೇ ನಿಲ್ಲಿಸ್ಬಿಟ್ಟೆ" ಎಂದೆ. ಹೊಡೆದೇ ಬಿಡುತ್ತಾಳೆ ಅಂದುಕೊಂಡೆ. ನನ್ನ ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು: "ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ."