ವ್ಯಾನಿನ ಕೆಲಸ ಹೋದದ್ದು ಅವ್ವನಿಗೆ ಹೇಳಬೇಡ

ತಂಗಿ ಸರಿತಾ,

"ಮೋಟಾರ್ ಕದ್ದವನ ಕೈಯಾಗ ಸಣ್ಣ ಹುಡುಗ್ರನ್ನ ಹ್ಯಾಂಗ ಕೊಡ್ಲಿ? ಸ್ಟೇರಿಂಗ್ ಸೈತ ಕಿತ್ಗೊಂಡು ಮಾರಾಂವ ನೀ!" ಹುಮನಾಬಾದಿನ ಶಾಲಾ ವ್ಯಾನಿನ ಮಾಲಕ ನಿನ್ನೆ ಎಲ್ಲ ಡ್ರೈವರುಗಳ ಮುಂದೆ ನನಗೆ ಹೀಗಂದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಥೂ, ಎಂಥ ನಗು ಅದು!

ಹದಿನೈದನೇ ವಯಸ್ಸಿನಲ್ಲಿ ಬಾವಿಯ ಮೋಟಾರ್ ಎತ್ತಿದ್ದು ಖರೆ. ಸಣ್ಣ ವಯಸ್ಸಿನ ಕೇಸು, ಅದನ್ನು ಮುಂದೆ ಯಾರೂ ಲೆಕ್ಕಕ್ಕೆ ಹಿಡಿಯಬಾರದು ಎಂದು ವಕೀಲರು ಅಂದೇ ಹೇಳಿದ್ದರು. ಕೆಲಸ ಕೊಡುವ ಮುಂಚೆ ಮಾಲಕ ಕೇಳಿಸಿದಾಗ ಠಾಣೆಯಲ್ಲೂ ನನ್ನ ಮೇಲೆ ಏನೂ ಸಿಗಲಿಲ್ಲವಂತೆ. ಆದರೆ ವಿಚಾರಿಸಲು ಮನೆಗೆ ಬಂದ ಮಾಲಕನ ಮನುಷ್ಯನಿಗೆ ಅವ್ವನೇ ಚಹಾ ಕೊಟ್ಟು, "ಸಣ್ಣಂವಿದ್ದಾಗ ಒಂದ್ ಮೋಟಾರ್ ಕದ್ದಿದ್ದ್ರಿ, ಈಗ ಭಾಳ ಶ್ಯಾಣ್ಯಾ ಆಗ್ಯಾನ್ರಿ" ಎಂದು ಹೊಗಳಿದ್ದಾಳೆ. ನಮ್ಮ ಚಹಾ ಕುಡಿದ ಬಾಯಿಂದಲೇ ಆ ಹೊಲಸು ಮನುಷ್ಯ ಅದನ್ನು ಅಲ್ಲಿ ಉಗುಳಿದ.

ಅವ್ವನಿಗೆ ಮಾತ್ರ ಹೇಳಬೇಡ. ತನ್ನ ಮಾತಿನಿಂದ ಕೆಲಸ ಹೋಯಿತೆಂದು ತಿಳಿದರೆ ಊಟ ಬಿಡುತ್ತಾಳೆ. ವ್ಯಾನು ಕೆಟ್ಟಿದೆ, ಕೆಲಸ ಶುರುವಾಗುವುದು ತಡ ಎನ್ನು.

ಅವಳ ಬಿ.ಪಿ. ಗುಳಿಗೆ ಮುಗಿದಿವೆ, ಕಲ್ಯಾಣ ಪಟ್ಟಣಕ್ಕೆ ಹೋದಾಗ ದವಾಖಾನೆಯಿಂದ ತಾ. ಆಡಿಗೆ ನೀರಿಡು. ನನಗೆ ರೊಟ್ಟಿ ಬಡಿಯಬೇಡ, ಹುಲಸೂರಿಗೆ ಕಬ್ಬು ಹೇರಲು ಹೋಗುತ್ತಿದ್ದೇನೆ. ಅಲ್ಲಿ ಬೆನ್ನು ನೋಡಿ ಕೆಲಸ ಕೊಡುತ್ತಾರೆ, ಹಳೆಯದನ್ನು ಕೆದಕುವುದಿಲ್ಲ.

ಹಿತ್ತಲಿನಿಂದ ಅವ್ವ ನನ್ನನ್ನು ಕೂಗುತ್ತಿದ್ದಾಳೆ: "ಸಮ್ಯಕಾ, ಖಾಕಿ ಅಂಗಿ ಒಗ್ದು ಹಾಕೀನಿ ನೋಡು. ಕೆಲಸಕ್ಕ ಯಾವತ್ತಿಂದ ಬಾ ಅಂದಾರೋ?"

ಈ ಚೀಟಿ ನಿನ್ನ ದಿಂಬಿನ ಕೆಳಗಿಟ್ಟು ಮುಂಬಾಗಿಲಿನಿಂದ ಹೊರಟೆ.