ಜಡೆ ಬಂದ ಮಗು

ದೇವದುರ್ಗ
28 ಜನವರಿ 2026, ಬುಧವಾರ

ದುರ್ಗಾಳ ಅಪ್ಪನವರಿಗೆ, ಮಂಜುಳಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಗಡಿಯ ಆ ಮೇಲಿನ ಪೋಸ್ಟಿನಲ್ಲಿ ಚಳಿ ಎಷ್ಟಿದೆ? ಕಾಲ್ಬೆರಳು ಊದಿಕೊಂಡಿವೆ ಎಂದಿದ್ದಿರಿ, ಇಳಿದವೇ? ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತುಕೊಳ್ಳಿ ಎಂದು ಇಲ್ಲಿ ಕುಳಿತು ಹೇಳುವುದು ಸುಲಭ, ಅಲ್ಲಿ ಕುಡಿಯಲಿಕ್ಕಾದರೂ ಬಿಸಿನೀರು ಸಿಗುತ್ತದೋ ಇಲ್ಲವೋ. ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಇಷ್ಟರಲ್ಲೇ ಮುಗಿಸಿರುತ್ತೀರಿ. ಜೊತೆಗಿರುವ ಪಂಜಾಬಿನವನಿಗೆ ಹಂಚಿದೆ ಎಂದು ಅವನ ಮೇಲೆ ಹಾಕಬೇಡಿ, ನಿಮ್ಮ ಬಾಯಿ ನನಗೆ ಗೊತ್ತಿದೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅತ್ತೆಗೆ ಮೊಣಕಾಲು ನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ದುರ್ಗಾ ಚೆನ್ನಾಗಿದ್ದಾಳೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಅವಳ ವಿಷಯ ಬರೆಯಲಿಕ್ಕೇ ಕುಳಿತಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳಲಿ? ನೀವು ಫೋನು ಮಾಡಿದಾಗಲೆಲ್ಲ ಅತ್ತೆ ಸ್ಪೀಕರ್ ಹಾಕಿಸುತ್ತಾರೆ. "ಎಲ್ಲಾರೂ ಆರಾಮ ಅದೀವಿ, ನೀ ಹುಷಾರ್ ಇರಪಾ" ಎಂದು ಮಾತು ಶುರು ಮಾಡುವವರೂ ಅವರೇ, ಮುಗಿಸುವವರೂ ಅವರೇ. ನನ್ನ ಪಾಲಿಗೆ ಉಳಿಯುವುದು ಒಂದು "ಹೂಂ". ಈಗಂತೂ ನೀವು ಮೇಲಿನಿಂದ ಇಳಿಯುವವರೆಗೆ ಫೋನೇ ಸಿಗುವುದಿಲ್ಲ. ಬರುವ ಭಾನುವಾರ ಭಾರತ ಹುಣ್ಣಿಮೆ. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಅದು ದಾಟಿ ಹೋಗಿರುತ್ತದೆ. ಆದ್ದರಿಂದ ನಾನು ಅಪ್ಪಣೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಮಾಡಲಿರುವುದನ್ನು ತಿಳಿಸುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿದ ಮೇಲೆ ಸಿಟ್ಟಾಗಿ.

ನೀವು ದಸರೆಗೆ ಬಂದಾಗ ದುರ್ಗಾಳ ಹಿಂದಲೆಯಲ್ಲಿ ಕೂದಲು ಗಂಟುಗಟ್ಟಿತ್ತಲ್ಲ. ಬಾಚಣಿಗೆ ಕಂಡರೆ ಸಾಕು, ಓಣಿಯೆಲ್ಲ ಕೂಡುವ ಹಾಗೆ ಚೀರುತ್ತಿದ್ದಳು. "ಬಿಡು, ದೊಡ್ಡಾಕಿ ಆದ್ರ ತಾನೇ ಬಾಚಿಕೊಂತಾಳ" ಎಂದು ನೀವೇ ನನ್ನ ಕೈಯಿಂದ ಬಾಚಣಿಗೆ ಕಸಿದುಕೊಂಡಿರಿ. ಆ ಗಂಟು ಬೆಳೆದು ಬೆಳೆದು ಈಗ ನನ್ನ ಮುಂಗೈ ದಪ್ಪವಾಗಿದೆ. ಎಲ್ಲಮ್ಮನ ಜಡೆ ಎಂದು ನಮ್ಮ ಕಡೆಯವರು ಕೈ ಮುಗಿಯುತ್ತಾರಲ್ಲ, ಅದೇ ಆಗಿ ಕುಳಿತಿದೆ. ಅತ್ತೆ ಅದಕ್ಕೆ ಭಂಡಾರದ ಅರಿಶಿನ ಹಚ್ಚಿ, ಇನ್ನು ಮೇಲೆ ಬಾಚಣಿಗೆ ಮುಟ್ಟಿಸಬಾರದು, ಕತ್ತರಿಯ ಹೆಸರೆತ್ತಬಾರದು ಎಂದರು. ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಈಗ ಮಂಗಳವಾರ, ಶುಕ್ರವಾರ ಬಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಹೂವು, ತೆಂಗಿನಕಾಯಿ ಹಿಡಿದ ಜನ. ಒಬ್ಬಾಕೆಗೆ ಮಗಳ ಲಗ್ನ ಕೂಡಿಬರಬೇಕು, ಇನ್ನೊಬ್ಬನಿಗೆ ಕಳೆದುಹೋದ ಎಮ್ಮೆ ಸಿಗಬೇಕು. ನಾಲ್ಕು ವರ್ಷದ ಮಗುವನ್ನು ಮಣೆಯ ಮೇಲೆ ಕೂಡಿಸಿ ಕಾಲಿಗೆ ಬೀಳುತ್ತಾರೆ. ಗದ್ದಲಕ್ಕೆ ಹೆದರಿ ಅವಳು ಕಿವಿ ಮುಚ್ಚಿಕೊಂಡು ತಲೆ ತಲೆ ಬಡಿದುಕೊಂಡರೆ "ಯಮ್ಮ ಮೈಯಾಗ ಬಂದಾಳ" ಎಂದು ಉಧೋ ಎನ್ನುತ್ತಾರೆ. ಗುನುಗಿದರೆ ದೇವಿ ಹಾಡುತ್ತಿದ್ದಾಳಂತೆ. ಆ ಹಾಡು ಯಾವುದು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಬೆಳಿಗ್ಗೆ ಪುರಸಭೆಯ ಕಸದ ಗಾಡಿ ಹಾಕಿಕೊಂಡು ಬರುತ್ತದಲ್ಲ, ಅದೇ ಹಾಡು. ನಗಬೇಕೋ ಅಳಬೇಕೋ ತಿಳಿಯದೆ ಅಡುಗೆಮನೆಗೆ ಹೋಗಿ ನಿಲ್ಲುತ್ತೇನೆ.

ಸಂಕ್ರಾಂತಿಗೆ ದುರ್ಗಾಳನ್ನು ಕರೆದುಕೊಂಡು ಚಂದ್ರಬಂಡದ ತವರಿಗೆ ಹೋಗಿದ್ದೆ. ತಮ್ಮ ಆನಂದನ ಮಗಳಿಗೆ ಇನ್ನೂ ಒಂದೂವರೆ ವರ್ಷ. ನಾನು ಸಜ್ಜೆರೊಟ್ಟಿ ಬಡಿಯುತ್ತಾ ಕುಳಿತಿದ್ದೆ. ಹೊರಗೆ ಬೇವಿನ ಗಿಡದಲ್ಲಿ ಒಂದು ಮಂಗ ಬಂತು. ಆ ಕೂಸು ಬೆರಳು ಮಾಡಿ ಮಂಗನನ್ನು ತೋರಿಸಿತು, ತಿರುಗಿ ನನ್ನ ಮುಖ ನೋಡಿತು, ಮತ್ತೆ ಮಂಗನನ್ನು ನೋಡಿತು. ನಾನೂ ನೋಡಿದೆನೋ ಇಲ್ಲವೋ ಎಂದು ಅದಕ್ಕೆ ಅನುಮಾನ. ಇಷ್ಟೇ ನಡೆದದ್ದು ನೋಡಿ. ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ನಮ್ಮ ದುರ್ಗಾ ಈ ನಾಲ್ಕು ವರ್ಷದಲ್ಲಿ ನನಗೆ ಏನನ್ನೂ ತೋರಿಸಿಲ್ಲ. ನೀರು ಬೇಕಾದರೆ ನನ್ನ ಮುಂಗೈ ಹಿಡಿದು ಎಳೆದುಕೊಂಡು ಹೋಗಿ ಕೊಡದ ಮೇಲೆ ಇಡುತ್ತಾಳೆ, ನನ್ನ ಮುಖದ ಕಡೆ ನೋಡುವುದೇ ಇಲ್ಲ. ಹೆಸರು ಹಿಡಿದು ಎಷ್ಟು ಕೂಗಿದರೂ ತಿರುಗುವುದಿಲ್ಲ, ಆದರೆ ಆಚೆ ಓಣಿಯಲ್ಲಿ ಮಿಕ್ಸಿ ತಿರುಗಿದರೆ ಓಡಿಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಮನೆಗೆ ಬಂದವರ ಚಪ್ಪಲಿಗಳನ್ನೆಲ್ಲ ಒಂದೇ ಸಾಲಿನಲ್ಲಿ ಇಡುತ್ತಾಳೆ, ಒಂದನ್ನು ಯಾರಾದರೂ ಸರಿಸಿದರೆ ಊಟ ಬಿಡುತ್ತಾಳೆ. ಸ್ಟೀಲಿನ ಮುಚ್ಚಳ ತಿರುಗಿಸಿ ಅದು ಸುಮ್ಮನಾಗುವವರೆಗೂ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಾಳೆ. ಎರಡು ವರ್ಷ ತುಂಬುವ ಮೊದಲು "ಅವ್ವಾ" ಅನ್ನುತ್ತಿದ್ದಳು, "ಬಸ್ಸು" ಅನ್ನುತ್ತಿದ್ದಳು, ನೀವೇ ಫೋನಿನಲ್ಲಿ ಕೇಳಿ ಕುಣಿದಾಡಿದ್ದಿರಿ. ಆ ಮಾತುಗಳು ಎಲ್ಲಿ ಹೋದವು? ಒಂದೊಂದನ್ನೂ ನಾವು ಬೇರೆ ಬೇರೆಯಾಗಿ ನೋಡಿ, ಹಟ ಎಂದೆವು, ಹುಟ್ಟಿದ ಗಳಿಗೆ ಸರಿಯಿಲ್ಲ ಎಂದೆವು, ಅಪ್ಪನ ಹಾಗೆ ಮಾತು ತಡ ಎಂದೆವು. ಅಂದು ಎಲ್ಲವೂ ಒಟ್ಟಿಗೆ ಕಂಡಿತು. ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಆನಂದನ ಹೆಂಡತಿ ಹೊಗೆಗೆ ಕಣ್ಣು ಉರಿಯುತ್ತಿವೆ ಎಂದುಕೊಂಡು ಊದುಗೊಳವೆ ತಂದುಕೊಟ್ಟಳು.

ಮರುದಿನವೇ ಆನಂದ ನಮ್ಮಿಬ್ಬರನ್ನೂ ಬೈಕಿನಲ್ಲಿ ರಾಯಚೂರಿಗೆ, ಮಕ್ಕಳ ಡಾಕ್ಟರ್ ಉಮಾದೇವಿಯವರ ಹತ್ತಿರ ಕರೆದುಕೊಂಡು ಹೋದ. ಹೆದರಿಕೊಂಡೇ ಒಳಗೆ ಹೋದೆ. ಅವರು ಕುರ್ಚಿ ಬಿಟ್ಟು ದುರ್ಗಾಳ ಪಕ್ಕ ನೆಲದ ಮೇಲೆ ಕುಳಿತರು. ಹಿಂದಿನಿಂದ ಹೆಸರು ಕರೆದರು, ಗಂಟೆ ಬಾರಿಸಿದರು, ಗೊಂಬೆಗೆ ಊಟ ಮಾಡಿಸು ಎಂದರು. ಇವಳು ಗೊಂಬೆಯನ್ನು ತಲೆಕೆಳಗು ಮಾಡಿ ಅದರ ಕಾಲಿನ ಗಾಲಿ ತಿರುಗಿಸುತ್ತಾ ಕುಳಿತಳು. ನನ್ನನ್ನು ಬಹಳ ಹೊತ್ತು ಕೇಳಿದರು, ಯಾವಾಗ ಕುಳಿತಳು, ಯಾವಾಗ ನಕ್ಕಳು, ಯಾವ ಮಾತು ಬಂದು ಹೋಯಿತು ಎಂದು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಆಟಿಸಂ ಇರಬಹುದು ಅನಸ್ತದರೀ. ಒಂದ್ ದಿನ ನೋಡಿ ಹಂಗ ಹೇಳಾಕ ಬರಂಗಿಲ್ಲ, ಕಿವಿ ಟೆಸ್ಟ್ ಆಗಬೇಕು, ಇನ್ನೂ ನೋಡಬೇಕು. ಆದ್ರ ಹೆಸರಿಗಿ ಕಾಯೂದು ಬ್ಯಾಡ, ಕಲಿಸೂದು ಈಗಿಂದ ಶುರು ಮಾಡೋಣ. ನೀವು ಏನೋ ತಪ್ಪ್ ಮಾಡಿದ್ದಕ್ಕ ಬಂದದ್ದಲ್ಲ ಇದು." ಆ ಕೊನೆಯ ಮಾತಿಗೆ ನನ್ನ ಕಣ್ಣು ತುಂಬಿದವು. ಆಮೇಲೆ ಅವರು ಜಡೆಯನ್ನು ಮೆಲ್ಲಗೆ ಎತ್ತಿ ನೋಡಿದರು. ನೋಡಬಾರದಿತ್ತು ಅನ್ನಿಸುವಂಥದ್ದು ಅಲ್ಲಿತ್ತು. ಭಂಡಾರ, ಬೆವರು, ಎಣ್ಣೆ ಸೇರಿ ಕೆಳಗೆಲ್ಲ ಹುಣ್ಣು, ಕೀವು. ಮಗು ತಲೆ ಬಡಿದುಕೊಳ್ಳುತ್ತಿದ್ದದ್ದು ಗದ್ದಲಕ್ಕಷ್ಟೇ ಅಲ್ಲ, ಅದು ನೋಯುತ್ತಿತ್ತು. ನೋವು ಎಂದು ಹೇಳಲು ಅವಳಿಗೆ ಮಾತಿಲ್ಲ. ಇದನ್ನು ತೆಗೆದು ಔಷಧಿ ಹಚ್ಚಲೇಬೇಕು, ತಡ ಮಾಡಿದರೆ ಜ್ವರ ಏರುತ್ತದೆ ಎಂದು ಡಾಕ್ಟರ್ ಗಟ್ಟಿಯಾಗಿ ಹೇಳಿದರು. ಕಲಿಸುವ ಸರದಿ ಸಿಗುವುದು ಹುಣ್ಣಿಮೆಯ ಮರುದಿನದಿಂದ, ವಾರಕ್ಕೆ ಎರಡು ಸಲ ಕರೆದುಕೊಂಡು ಬನ್ನಿ ಎಂದರು.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದೆ. ಹುಣ್ಣು ತೋರಿಸಲು ಹೋದೆ, ಅವರು ಮುಖ ತಿರುಗಿಸಿಕೊಂಡರು. "ನನ್ ಮೊಮ್ಮಗಳಿಗಿ ಏನೂ ಆಗಿಲ್ಲ. ಯಮ್ಮ ಬಂದು ಕುಂತಾಳ, ಕಣ್ಣಿದ್ದವರಿಗಿ ಕಾಣ್ತದ" ಎಂದರು. ನಾನು ಸುಮ್ಮನಿರುವವಳೇ? ಬಾಯಿಗೆ ಬಂದಂತೆ ಆಡಿಬಿಟ್ಟೆ. ಅವರು ತಿರುಗಿ ಬೈಯಲಿಲ್ಲ. ಮೆಲ್ಲಗೆ ಒಂದೇ ಮಾತು ಹೇಳಿದರು: "ಹೋದ ವರ್ಷ ಇದೇ ಓಣಿ ಆಕಿನ್ನ ಮಳ್ಳಿ ಅಂತಿತ್ತು. ಈಗ ಕಾಲಿಗಿ ಬೀಳ್ತದ. ನಿಂಗ ಯಾವುದು ಬೇಕು?" ಮಕ್ಕಳು ಕಲ್ಲೆಸೆದದ್ದು, ಅಂಗಡಿಯವನು ಇವಳ ನಡಿಗೆ ಅಣಕಿಸಿದ್ದು ನಿಮಗೆ ನಾನು ಹೇಳಿರಲಿಲ್ಲ. ಆಗೆಲ್ಲ ಇವಳನ್ನು ಸೊಂಟಕ್ಕೆತ್ತಿಕೊಂಡು ಓಣಿಯವರ ಜೊತೆ ಜಗಳಕ್ಕೆ ನಿಂತವರು ನಿಮ್ಮ ಅವ್ವನೇ. ಇವಳು ಬಿಳಿ ಅನ್ನ ಬಿಟ್ಟರೆ ಏನೂ ಮುಟ್ಟುವುದಿಲ್ಲವೆಂದು ಅದನ್ನೇ ಕೈಯಲ್ಲಿ ಉಂಡೆ ಮಾಡಿ ತಾಸುಗಟ್ಟಲೆ ಕುಳಿತು ತಿನ್ನಿಸುವವರೂ ಅವರೇ. ಅವರಿಗೆ ಪ್ರೀತಿಯಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆ ಪ್ರೀತಿಯ ಕೆಳಗೇ ಮಗಳ ತಲೆ ಕೊಳೆಯುತ್ತಿದೆಯಲ್ಲ, ಅದನ್ನು ಹೇಗೆ ನೋಡುತ್ತಾ ಇರಲಿ?

ಇನ್ನು ನಿನ್ನೆಯದು. ಮಾನ್ವಿ ಕಡೆಯ ನಿಮ್ಮ ಪಕೀರಮ್ಮ ದೊಡ್ಡವ್ವ ಬಂದಿದ್ದರು. ಜಡೆ ನೋಡಿ ಗಲ್ಲ ಬಡಿದುಕೊಂಡರು, ಚಹಾ ಕುಡಿದರು, ಆಮೇಲೆ ಅತ್ತೆಯ ಹತ್ತಿರ ಸರಿದು ಕುಳಿತು ದನಿ ಇಳಿಸಿದರು. ನಾನು ಬಾಗಿಲ ಹಿಂದೆಯೇ ಇದ್ದೆ. "ಜಡಿ ಬಂದ ಹುಡುಗಿ ಯಮ್ಮನ ಸ್ವತ್ತು, ತಂಗೀ. ಮನ್ಯಾಗ ಇಟ್ಕೊಂಡ್ರ ಮನಿಗಿ ಛಲೋ ಅಲ್ಲ. ಹುಣ್ಣಿಮಿಗಿ ನೀರಮಾನ್ವಿ ಎಲ್ಲಮ್ಮನ ಗುಡಿಗಿ ಕಾಯಿ ಒಡಿಸಾಕ ಅಂತ ಕರಕೊಂಡು ಬಾ, ಹಂಗೇ ನಮ್ಮ ಕಡಿ ಒಬ್ಬಾಕಿ ಮನ್ಯಾಗ ಬಾಗಲಾ ಹಾಕ್ಕೊಂಡು ಮುತ್ತು ಕಟ್ಟಸೋಣ. ಯಾರಿಗೂ ಗೊತ್ತಾಗಂಗಿಲ್ಲ." ಗುಡಿಯಲ್ಲಿ ಇಂಥದ್ದಕ್ಕೆ ಯಾರೂ ಬಿಡುವುದಿಲ್ಲ ಎಂದು ಆಕೆಗೂ ಗೊತ್ತು, ಅದಕ್ಕೇ ಬಾಗಿಲು ಹಾಕಿದ ಮನೆ. ಮುತ್ತು ಕಟ್ಟಿದರೆ ಮಗಳನ್ನು ದೇವಿಗೆ ಬಿಟ್ಟಂತೆ. ಅವಳಿಗೆ ಲಗ್ನವಿಲ್ಲ. ಬೆಳೆದ ಮೇಲೆ ಅವಳ ಬಾಗಿಲಿಗೆ ಯಾರು ಯಾರು ಬರುತ್ತಾರೆ ಎಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬೇಡ ಎಂಬ ಒಂದು ಮಾತೂ ಬಾರದ ಮಗುವಿಗೆ ಇದು! ನಾನು ಅತ್ತೆಯ ಬಾಯಿಯನ್ನೇ ನೋಡುತ್ತಿದ್ದೆ. ಅವರು ಹೂಂ ಎನ್ನಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ. ನಿನ್ನೆಯಿಂದ ದುರ್ಗಾಳನ್ನು ನನ್ನ ಸೊಂಟದಿಂದ ಇಳಿಸಿಲ್ಲ. ಬಚ್ಚಲಿಗೂ ಜೊತೆಗೇ ಒಯ್ಯುತ್ತಿದ್ದೇನೆ.

ಈಗ ನಾನು ಏನು ಮಾಡುತ್ತೇನೆ ಎಂದು ಕೇಳಿ. ನಾಳೆ ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ಚಂದ್ರಬಂಡಕ್ಕೆ ಹೊರಡುತ್ತೇನೆ. ಅಲ್ಲಿ ನನ್ನ ಕೈಯಿಂದಲೇ ಜಡೆ ತೆಗೆಯುತ್ತೇನೆ. ಸೋಮವಾರದಿಂದ ರಾಯಚೂರಿಗೆ ಹೋಗಿ ಬರುತ್ತೇನೆ. ದೇವಿಯ ಮೇಲೆ ನನಗೆ ಭಕ್ತಿ ಇಲ್ಲವೆಂದಲ್ಲ, ನಾನೂ ನೀರಮಾನ್ವಿಗೆ ನಡೆದು ಹೋದವಳೇ. ಜಡೆಗೆ ಕತ್ತರಿ ಹಾಕಿದವರ ಮನೆ ಉಳಿಯುವುದಿಲ್ಲ ಎನ್ನುವುದನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ, ಹೆದರಿಕೆ ಇದ್ದೇ ಇದೆ. ಅಷ್ಟು ಎತ್ತರದಲ್ಲಿ, ಅಂಥ ದಾರಿಯಲ್ಲಿ ಗಾಡಿ ಓಡಿಸುವ ನಿಮ್ಮ ನೆನಪಾಗಿ ಎರಡು ಸಲ ಕತ್ತರಿ ಕೆಳಗಿಟ್ಟಿದ್ದೇನೆ. ಆದರೂ ಮಾಡುತ್ತೇನೆ. ನಿಮ್ಮ ಅವ್ವನ ಮನೆಯಿಂದ ಹೇಳದೆ ಹೊರಟ ಸೊಸೆ ಎಂದು ಊರು ಆಡಿಕೊಳ್ಳಲಿ. ನೀವು ಮಾತ್ರ ಹಾಗೆ ತಿಳಿಯಬೇಡಿ, ಅಷ್ಟಾದರೆ ನನಗೆ ಸಾಕು.

ಕಾಲು ಬೆಚ್ಚಗಿಟ್ಟುಕೊಳ್ಳಿ. ಗಾಡಿ ಮೆಲ್ಲಗೆ ಓಡಿಸಿ. ನಿಮ್ಮ ಪಂಜಾಬಿನ ಗೆಳೆಯನಿಗೂ ನನ್ನ ನಮಸ್ಕಾರ ಹೇಳಿ. ಮಗಳ ಕಡೆಯಿಂದ ನಾನೇ ಒಂದು ಮುತ್ತು ಕೊಡುತ್ತೇನೆ, ಅವಳಿಗೆ ಅದೂ ಇನ್ನೂ ಬರುವುದಿಲ್ಲ.

ನಿಮ್ಮ ದಾರಿ ಕಾಯುವ,
ಮಂಜುಳಾ

ವಿ.ಸೂ: ಲಕೋಟೆಗೆ ಇನ್ನೂ ಅಂಟು ಹಚ್ಚಿರಲಿಲ್ಲ, ಅದಕ್ಕೇ ಗಡಿಬಿಡಿಯಲ್ಲಿ ಇಷ್ಟು ಬರೆಯುತ್ತಿದ್ದೇನೆ. ಮಧ್ಯಾಹ್ನ ದುರ್ಗಾಳ ಬಟ್ಟೆ ಚೀಲಕ್ಕೆ ತುಂಬುವಾಗ ಅತ್ತೆ ಬಂದುಬಿಟ್ಟರು. ಕತ್ತರಿ ಮೇಲೆಯೇ ಇತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇದ್ದದ್ದು ಇದ್ದಂತೆ ಹೇಳಿದೆ. ಅವರು ಕತ್ತರಿ ಎತ್ತಿಕೊಂಡರು. ಎಲ್ಲ ಮುಗಿಯಿತು ಎಂದು ನಾನು ಮಗಳಿಗೆ ಅಡ್ಡ ನಿಂತೆ. "ಸರಿ ಆಕಡಿ. ನೀ ಕೈ ಹಚ್ಚಬ್ಯಾಡ. ನೀ ಹರೇದಾಕಿ, ಕೂಸಿಗಿ ನೀ ಬೇಕು. ಯಮ್ಮಗ ಸಿಟ್ ಬಂದ್ರ ನನ್ ಮ್ಯಾಲ ಬರ್ಲಿ" ಎಂದು ತಾವೇ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡರು. ದುರ್ಗಾ ಚೀರಿ ಅವರ ಕೈ ಕಚ್ಚಿದಳು, ರಕ್ತ ಬಂತು, ಆದರೂ ಬಿಡಲಿಲ್ಲ. ಉದ್ದಕ್ಕೂ ಅಳುತ್ತಾ, ತಪ್ಪಾಯಿತು ಯವ್ವಾ ಎಂದು ದೇವಿಗೆ ಹೇಳುತ್ತಾ ಪೂರ್ತಿ ಕತ್ತರಿಸಿದರು. ಕೆಳಗಿನ ಹುಣ್ಣು ನೋಡಿ ಮಾತ್ರ ಅವರ ಬಾಯಿ ನಿಂತಿತು. ನಿನ್ನೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಆ ಮಾತ್ ಕೇಳಿ ನನ್ ನಾಲಿಗಿ ಒಣಗಿ ಹೋತು" ಎಂದರು. ನಾಳೆ ಚಂದ್ರಬಂಡಕ್ಕೆ ಅವರೂ ಬರುತ್ತಾರಂತೆ. ದುರ್ಗಾ ಈಗ ಔಷಧಿ ಹಚ್ಚಿಸಿಕೊಂಡು ಮಲಗಿದ್ದಾಳೆ.

ನಿಮಗೆ ಹೇಳಬೇಕಾದದ್ದು ಇದು. ಅವರ ನಂಬಿಕೆ ಎಳ್ಳಷ್ಟೂ ಕಡಿಮೆಯಾಗಿಲ್ಲ, ದೇವಿ ತಮ್ಮನ್ನು ಶಿಕ್ಷಿಸದೆ ಬಿಡುವುದಿಲ್ಲ ಎಂದೇ ನಂಬಿದ್ದಾರೆ. ತಾವಿಲ್ಲದಾಗ ಬೇಕಾದೀತು ಎಂದು ಆಗಲೇ ಪೆಟ್ಟಿಗೆಯ ಕೀಲಿಕೈ ನನ್ನ ಕೈಗೆ ಕೊಟ್ಟುಬಿಟ್ಟರು. ಮೇಲಿನಿಂದ ಇಳಿದ ಕೂಡಲೇ ಫೋನು ಮಾಡಿ, ಮಗಳ ಸುದ್ದಿ ಆಮೇಲೆ ಕೇಳಿ, ಮೊದಲು ನಿಮ್ಮ ಅವ್ವನಿಗೆ ಒಂದು ಮಾತು ಹೇಳಿ. ಬಾಗಿಲ ಹತ್ತಿರ ಕುಳಿತಿದ್ದಾರೆ, ತಮಗೆ ಒಂದು ಸೀನು ಬಂದರೂ ಅದೇ ಬಂತೇನೋ ಎಂಬಂತೆ ತಿರುಗಿ ನನ್ನ ಮುಖ ನೋಡುತ್ತಾರೆ.