ರಿಬ್ಬನ್ ಕತ್ತರಿಸುವ ತನಕ ಹಸಿದಿರಿ

ಆರೋಗ್ಯ ಅಭಿಯಾನದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ಆರೋಗ್ಯ ಶಿಬಿರ ನಡೆಸಿ ನನ್ನ ತಾಯಿಯ ಸೊಂಟ ಮುರಿದಿರಿ. ಈಗ ಅವಳದೇ ಫೋಟೊ ಹಾಕಿ ಊರಿಗೆಲ್ಲ ನಡೆಯಲು ಹೇಳುತ್ತಿದ್ದೀರಿ. ಇದನ್ನು ತಮಿಳಿನಲ್ಲಿ ಬರೆದುಕೊಟ್ಟೆ, ಇಂಗ್ಲಿಷಿನಲ್ಲಿ ಬರೆದುಕೊಟ್ಟೆ, ನೀವು ಓದಲಿಲ್ಲ. ಓದದವರಿಗೆ ಯಾವ ಭಾಷೆಯಾದರೇನು ಎಂದು ಈ ಸಲ ನಮ್ಮ ಮನೆಮಾತಾದ ಕನ್ನಡದಲ್ಲೇ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ತಾಯಿ ಗೋವಿಂದಮ್ಮ ತಮಿಳುನಾಡಿನ ಮೊರಪ್ಪೂರಿನ ಹತ್ತಿರದ ಹಳ್ಳಿಯವಳು. ಸಕ್ಕರೆ ಕಾಯಿಲೆ ಇತ್ತು, ನಿಜ. ಆದರೆ ದಿನವೂ ಮೇಕೆಗಳ ಹಿಂದೆ ನಡೆಯುತ್ತಿದ್ದಳು, ರಾಗಿ ಮುದ್ದೆ ಉಣ್ಣುತ್ತಿದ್ದಳು, ಕತ್ತಲಾದರೆ ಮಲಗುತ್ತಿದ್ದಳು. ಇಷ್ಟನ್ನೇ ಕಲಿಸಲು ನೀವು ಅವಳನ್ನು ಕಲ್ಯಾಣ ಮಂಟಪಕ್ಕೆ ಕರೆದಿರಿ. ರಕ್ತ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬನ್ನಿ ಎಂದಿರಿ, ಬಂದಳು. ಬಾಗಿಲಲ್ಲೇ ನಿಲ್ಲಿಸಿ, ತಲೆಗೊಂದು ಟೋಪಿ ಹಾಕಿಸಿ ಫೋಟೊ ತೆಗೆಸಿದಿರಿ. ಅಮ್ಮ ನಕ್ಕಳು.

ಒಳಗೆ ಸೂಜಿ ಹಿಡಿದ ನರ್ಸುಗಳಿದ್ದರು. ಆದರೆ ಉದ್ಘಾಟನೆಯಾಗದೆ ರಕ್ತ ತೆಗೆಯುವುದು ಹೇಗೆ? ಪಕ್ಕದ ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟ ರಾಗಿ ಇಡ್ಲಿ, ಸಾಮೆ ಪೊಂಗಲ್ ಹಬೆಯಾಡುತ್ತಿದ್ದವು. ಅದಕ್ಕೂ ಅಡ್ಡ ರಿಬ್ಬನ್. ಒಳ್ಳೆಯ ನಿದ್ದೆಯ ಕುರಿತು ಭಾಷಣ ಮಾಡಬೇಕಿದ್ದ ಮುಖ್ಯ ಅತಿಥಿಗಳ ಸುಳಿವೇ ಇಲ್ಲ. ನಿಮ್ಮ ಸಹಾಯಕ ಫೋನಿಟ್ಟು, "ಸಾರ್ ಇಪ್ಪದಾನ್ ಎಳುಂದಾರು" ಎಂದ. ಈಗಷ್ಟೇ ಎದ್ದರಂತೆ! ನಿದ್ದೆಯ ವಿಷಯಕ್ಕೆ ಇಂಥ ಪಂಡಿತರು ಇನ್ನೆಲ್ಲಿ ಸಿಗುತ್ತಾರೆ?

ಹೊತ್ತು ಕಳೆಯಲು ನೀವೇ ಮೈಕು ಹಿಡಿದಿರಿ. ಮಾತ್ರೆಯನ್ನು ಮುಂದೂಡಬೇಡಿ, ಹೊತ್ತಿಗೆ ಸರಿಯಾಗಿ ನುಂಗಿ ಎಂದಿರಿ. ಅಮ್ಮ ಸೆರಗಿನ ಗಂಟು ಬಿಚ್ಚಿದಳು.

"ಬರೀ ಒಟ್ಟೇಲಿ ಬ್ಯಾಡಮ್ಮೋ" ಅಂದೆ.

"ಲೇ, ಸುಮ್ಕಿರು. ಅಷ್ಟು ದೊಡ್ಡೋರು ಮೈಕ್‌ನಾಗೆ ಏಳ್ತಾವ್ರೆ, ನಿಂಗೇನ್ ಗೊತ್ತು?"

ನುಂಗಿದಳು. ಆ ದಿನ ನಿಮ್ಮ ಮಾತನ್ನು ನಂಬಿದವಳು ಅವಳೊಬ್ಬಳೇ ಇರಬೇಕು.

ಸ್ವಲ್ಪ ಹೊತ್ತಿಗೆ ಬೆವರಿದಳು, ಕೈ ನಡುಗಿತು. ಎದ್ದು ಮೇಜಿನ ಹತ್ತಿರ ಹೋಗಿ, "ಒಂದ್ ಇಡ್ಲಿ ಕೊಡಪ್ಪಾ, ಕಣ್ಗೆ ಕತ್ಲೆ ಬತ್ತೈತೆ" ಎಂದು ಬೇಡಿದಳು. ಅಲ್ಲಿದ್ದ ಸ್ವಯಂಸೇವಕ ನಿಮ್ಮ ಮುಖ ನೋಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ಸಿದ್ಧನಿದ್ದ, ದೇವರೇ ಒಲ್ಲೆ ಎಂದಿತು. "ಫೋಟೊ ಆಗುವವರೆಗೂ ಯಾರೂ ಮುಟ್ಟಕೂಡದು" ಎಂದಿರಿ ನೀವು. ನಾನು ಓಡಿ ಬರುವಷ್ಟರಲ್ಲಿ ಅಮ್ಮ ಆ ರಿಬ್ಬನ್ನನ್ನೇ ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದಳು. ನಿಮ್ಮ ಪ್ರದರ್ಶನವನ್ನು ಉದ್ಘಾಟಿಸಿದ್ದು ಅವಳೇ ಎಂದು ವರದಿಯಲ್ಲಿ ಬರೆದುಕೊಂಡಿರಾ?

ಬರಿಹೊಟ್ಟೆಯಲ್ಲಿ ಆ ಮಾತ್ರೆ ನುಂಗಿದ್ದಕ್ಕೇ ಸಕ್ಕರೆ ಇಳಿದುಹೋಯಿತು ಎಂದರು ಸೇಲಂನ ಡಾಕ್ಟರು. ಬಿದ್ದ ಏಟಿಗೆ ಸೊಂಟ ಮುರಿದಿದೆ, ಅವಳಿನ್ನು ನಡೆಯುವುದಿಲ್ಲ ಎಂದೂ ಅವರೇ ಹೇಳಿದರು. ಮೇಕೆಗಳನ್ನು ಮಾರಿದೆವು. ಅವು ಹೋಗುವಾಗ ಕೂಗುವುದು ಕೇಳಿಸಬಾರದೆಂದು ಅಮ್ಮ ಕಿವಿ ಮುಚ್ಚಿಕೊಂಡಿದ್ದಳು. ಆಮೇಲೆ ನಿಮ್ಮ ಕಚೇರಿಯವರೊಬ್ಬರು ಬಂದು ಕಿತ್ತಳೆ ಹಣ್ಣಿನ ಜೊತೆ ಕರಪತ್ರವೊಂದನ್ನು ಕೊಟ್ಟುಹೋದರು: ದಿನವೂ ಅರ್ಧ ಗಂಟೆ ನಡೆಯಿರಿ.

ಈಗ ಸ್ಟೇಷನ್ ದಾರಿಯಲ್ಲಿ ಆಳೆತ್ತರದ ಫ್ಲೆಕ್ಸ್. ಟೋಪಿ ಹಾಕಿದ ನನ್ನ ತಾಯಿ ನಗುತ್ತಿದ್ದಾಳೆ, ಕೆಳಗೆ "ನಡೆದರೆ ನೂರು ವರುಷ" ಎಂದು ತಮಿಳಿನಲ್ಲಿ ಬರೆದಿದೆ. ಹರಿದು ಬರುತ್ತೇನೆಂದು ಕತ್ತಿ ತೆಗೆದುಕೊಂಡೆ. ಅಮ್ಮ ಬಿಡಲಿಲ್ಲ.

"ಇರ್ಲಿ ಬುಡು. ಅದ್ರಾಗಾದ್ರೂ ನಿಂತಿವ್ನಿ."

ಆದ್ದರಿಂದ ಫ್ಲೆಕ್ಸ್ ತೆಗೆಯಿರಿ ಎಂದು ಕೇಳುವುದಿಲ್ಲ. ನನ್ನ ಬೇಡಿಕೆ ಬೇರೆ. ಮುಂದಿನ ಶಿಬಿರಕ್ಕೆ ನೀವೂ ನಿಮ್ಮ ಮುಖ್ಯ ಅತಿಥಿಗಳೂ ಬರಿಹೊಟ್ಟೆಯಲ್ಲಿ ಬನ್ನಿ. ಕೊನೆಯ ಮುದುಕಿ ಉಂಡು ಕೈ ತೊಳೆಯುವ ತನಕ ರಿಬ್ಬನ್ನಿನ ಆಚೆ ನಿಂತಿರಿ. ಕಣ್ಣಿಗೆ ಕತ್ತಲೆ ಬಂದರೆ ಹೇಳಿ. ಫೋಟೊ ಆದ ಮೇಲೆ ನೋಡೋಣ.

ಇಂತಿ,
ನಿಮ್ಮ ಫ್ಲೆಕ್ಸಿನಲ್ಲಿ ನಿಂತಿರುವವಳ ಮಲಮೂತ್ರ ಬಾಚುವ ಮಗಳು,
ಮುನಿಲಕ್ಷ್ಮಿ